ಹತ್ತರ ನೋಟಿನ ವೈರಿ

ಖಜಾನೆಯಲ್ಲಿ ಕೂತವರಿಗೆ ಹತ್ತು ರೂಪಾಯಿಯ ನೋಟು ಕಂಡರೆ ಮೈ ಉರಿಯುತ್ತಿತ್ತು ಎಂದರೆ ಯಾರು ನಂಬುತ್ತಾರೆ? ನಮ್ಮ ಉಪಾಧ್ಯರಿಗೆ ಉರಿಯುತ್ತಿತ್ತು. ಮದ್ರಾಸಿನಿಂದ ರೈಲಿನಲ್ಲಿ ಬಂದ ಪೆಟ್ಟಿಗೆ ತೆರೆದು ಹತ್ತರ ಕಟ್ಟುಗಳನ್ನು ಕಂಡೊಡನೆ, "ಬಂತು ನೋಡಿ ಶನಿ!" ಎಂದು ಮುಂಡಾಸು ತೆಗೆದು ಮೇಜಿಗೆ ಬಡಿಯುತ್ತಿದ್ದರು. ಊರಿಗೆ ಯಾವ ನೋಟು ಎಷ್ಟು ಬೇಕೆಂದು ಮದ್ರಾಸಿಗೆ ಬರೆಯುವುದು ಅವರ ಕೆಲಸ. ನಾನು ಪಕ್ಕದ ಮೇಜಿನ ಗುಮಾಸ್ತ.

ಅದು ಯುದ್ಧದ ಕಾಲ. ಬೆಳ್ಳಿ ರೂಪಾಯಿ ಜನರ ಪೆಟ್ಟಿಗೆ ಸೇರಿ ಮಾಯವಾಗಿತ್ತು. ಒಂದು ರೂಪಾಯಿಯ ನೋಟು ಹೊಸದಾಗಿ ಬಂದಿದ್ದರೂ ನಮ್ಮಲ್ಲಿ ಅಪರೂಪ. ಹಂಚಿನ ಕಾರ್ಖಾನೆಗೆ ಕೂಲಿಯ ಹಣ ಹೋಗುತ್ತಿದ್ದದ್ದು ನಮ್ಮ ಖಜಾನೆಯಿಂದಲೇ. ಅಲ್ಲಿಯ ಹೆಂಗಸರಿಗೆ ಶನಿವಾರ ಸಿಗುತ್ತಿದ್ದದ್ದು ಐವರಿಗೆ ಸೇರಿಸಿ ಒಂದು ಹತ್ತರ ನೋಟು. ಅದನ್ನು ಮುರಿಸಲು ಐವರೂ ಸಾಹುಕಾರನ ಅಂಗಡಿಗೆ ಹೋಗಬೇಕು. ಅವನು ವಟ್ಟ ಎಂದು ರೂಪಾಯಿಗೆ ಒಂದಾಣೆ ಹಿಡಿದುಕೊಂಡು ಚಿಲ್ಲರೆ ಕೊಡುತ್ತಿದ್ದ. ಮಣ್ಣು ಹೊತ್ತವರ ಕೂಲಿಯಿಂದ! ಥೂ, ಈಗಲೂ ನೆನೆದರೆ ನನಗೆ ಅನ್ನ ಸೇರುವುದಿಲ್ಲ.

ಒಂದು ಶನಿವಾರ ಉಪಾಧ್ಯರು ನನ್ನನ್ನು ಆ ಅಂಗಡಿಯ ಎದುರು ಎಳೆದುಕೊಂಡು ಹೋದರು. ಕೂಳೂರಿನ ಹೆಂಗಸೊಬ್ಬಳು, "ಮಗುವಿಗೆ ಜ್ವರ ಉಂಟು, ನನ್ನ ಪಾಲು ಕೊಟ್ಟುಬಿಡಿ, ಹೋಗ್ತೇನೆ" ಎಂದು ಜೊತೆಯವರನ್ನು ಗೋಗರೆಯುತ್ತಿದ್ದಳು. ಅವರಾದರೂ ಎಲ್ಲಿಂದ ಕೊಡಬೇಕು? ನೋಟು ಒಂದೇ.

"ನೋಡು ಮಾರಾಯ, ಐದು ಜನರನ್ನು ಒಂದು ಕಾಗದಕ್ಕೆ ಕಟ್ಟಿ ಹಾಕಿದ್ದೇವೆ. ಕಟ್ಟಿದ್ದು ಯಾರು? ಆ ಸಾಹುಕಾರ ಅಲ್ಲ, ನಾವು!" ಎಂದರು ಉಪಾಧ್ಯರು.

ಅವರು ಪ್ರತಿ ಸಲವೂ ಒಂದರ ನೋಟನ್ನೇ ಕೇಳಿ ಬರೆಯುತ್ತಿದ್ದರು. ನಮ್ಮ ಸಾಹೇಬರು ಅದನ್ನು ಹೊಡೆದು ಹಾಕಿ ಹತ್ತರದ್ದೆಂದು ತಿದ್ದುತ್ತಿದ್ದರು. ಒಂದರದ್ದು ತರಿಸಿದರೆ ಎಣಿಸುವ ಕೆಲಸ ಹೆಚ್ಚಂತೆ!

"ಎಣಿಸುವುದು ನಾನು, ಸವೆಯುವುದು ನನ್ನ ಬೆರಳು. ನಿಮಗೆಂತ ಕಷ್ಟ ಸ್ವಾಮೀ?" ಎಂದು ಉಪಾಧ್ಯರು ಮುಖಕ್ಕೇ ಕೇಳಿದ್ದರು.

ಸಾಹೇಬರು ರಜೆಯಲ್ಲಿ ಊರಿಗೆ ಹೋದಾಗ ಉಸ್ತುವಾರಿ ಉಪಾಧ್ಯರಿಗೆ ಬಂತು. ಅವರು ತಾವೇ ಸಹಿ ಹಾಕಿ ಬರೆದರು. ಪೆಟ್ಟಿಗೆ ತುಂಬ ಒಂದರ ನೋಟು ಬಂತು! ಆ ಶನಿವಾರ ಕಾರ್ಖಾನೆಯ ಹೆಂಗಸರು ತಮ್ಮ ತಮ್ಮ ಕೂಲಿ ಸೆರಗಿಗೆ ಕಟ್ಟಿಕೊಂಡು ನೇರ ಮನೆಗೆ ಹೋದರು. ಉಪಾಧ್ಯರು ರಸ್ತೆ ಬದಿಯಲ್ಲಿ ನಿಂತು ನೋಡಿದರು.

ಸಾಹೇಬರು ಮರಳಿದವರೇ ಗುಡುಗಿದರು: "ಯಾರನ್ನು ಕೇಳಿ ತರಿಸಿದಿರಿ?"

"ಯಾರಿಗೆ ಬೇಕೋ ಅವರನ್ನು ಕೇಳಿ ತರಿಸಿದೆ."

ಅಷ್ಟಕ್ಕೇ ಅಮಾನತು. ಕೈತಪ್ಪಿನಿಂದ ಆಯಿತೆಂದು ಬರೆದುಕೊಟ್ಟರೆ ಕೆಲಸ ಉಳಿಯುತ್ತದೆ, ಇಲ್ಲವಾದರೆ ಪಿಂಚಣಿಯೂ ಇಲ್ಲ ಎಂದರು ಸಾಹೇಬರು. ನಾನು ಕದ್ರಿಯ ಅವರ ಮನೆಗೆ ಓಡಿದೆ.

"ಒಂದು ಗೆರೆ ಬರೆದುಬಿಡಿ ಉಪಾಧ್ಯರೇ, ನಿಮ್ಮ ದಮ್ಮಯ್ಯ."

ಅವರು ನಕ್ಕರು. "ನಾನು ತಪ್ಪು ಅಂತ ಬರೆದರೆ ಅವರು ಮಾಡಿದ್ದು ಸರಿ ಅಂತ ಆಗ್ತದಲ್ಲ ಮಾರಾಯ. ಬೇರೆ ಎಂತ ಬೇಕಾದರೂ ಬರೆದು ಕೊಡ್ತೇನೆ, ಅದು ಮಾತ್ರ ಆಗುದಿಲ್ಲ. ಕಾಫಿ ಕುಡಿ."

ನಾನು ಅವರನ್ನು ಕಂಡದ್ದು ಅದೇ ಕೊನೆ. ಕೆಲಸ ಹೋಯಿತು, ಪಿಂಚಣಿ ಹೋಯಿತು, ಆ ಮಳೆಗಾಲ ಮುಗಿಯುವುದರೊಳಗೆ ಅವರೂ ಹೋದರು. ಖಜಾನೆಗೆ ಆಗಲೇ ಮತ್ತೆ ಹತ್ತರ ಕಟ್ಟುಗಳು ಬರತೊಡಗಿದ್ದವು.

ಸುದ್ದಿ ಮುಟ್ಟಿದ ದಿನ ಸಾಹೇಬರು ಕನ್ನಡಕ ಒರೆಸಿಕೊಳ್ಳುತ್ತ, "ಪಾಪ, ಒಳ್ಳೆಯ ಮನುಷ್ಯ" ಎಂದರು.

ಒಳ್ಳೆಯ ಮನುಷ್ಯನಂತೆ! ಮತ್ತೆ ಯಾವುದಕ್ಕಾಗಿ ಸ್ವಾಮೀ, ನೀವು ಅವರ ಅನ್ನ ಕಿತ್ತುಕೊಂಡದ್ದು?