ಉದ್ದದ ಎಳೆ

ಬಟ್ಟೆ ಗಿರಣಿಯಲ್ಲಿ ಅವಳನ್ನು ಎಲ್ಲರೂ ಓರೆಕತ್ತಿನಕ್ಕ ಎಂದೇ ಕರೆಯುತ್ತಿದ್ದರು. ಬೆನ್ನ ಹಿಂದೆ ಅಲ್ಲ, ಎದುರಿಗೇ. ಕೆಳಗಿನಿಂದ ದೀಪ ಉರಿಯುವ ಇಳಿಜಾರು ಗಾಜಿನ ಮೇಜಿನ ಮೇಲೆ ಬಟ್ಟೆ ಜಾರಿ ಬರುತ್ತಿದ್ದರೆ ಅವಳು ಕತ್ತು ಒಂದು ಕಡೆ ವಾಲಿಸಿ, ಗುಂಡು ಕನ್ನಡಕದಲ್ಲಿ ನೋಡುತ್ತಿದ್ದಳು. ಎಳೆ ತಪ್ಪಿದ ಜಾಗಕ್ಕೆ ಕೆಂಪು ದಾರ ಕಟ್ಟುತ್ತಿದ್ದಳು. ಹದಿನಾಲ್ಕು ವರ್ಷದಿಂದ ಅದೇ ಮೇಜು, ಅದೇ ಸ್ಟೂಲು. ಇವಳ ಕಣ್ಣು ತಪ್ಪಿಸಿ ಒಂದು ಗಂಟೂ ಹೊರಗೆ ಹೋಗುವುದಿಲ್ಲವಲ್ಲ ಎಂದು ಮಗ್ಗದವರು ಗೊಣಗುತ್ತಿದ್ದರು. ಆ ಗೊಣಗಾಟ ಕೇಳಿದಷ್ಟೂ ಅವಳಿಗೆ ಖುಷಿ.

ಅಂಥವಳು ಪಾಸು ಮಾಡಿದ ಮೂರು ಥಾನು ಬಟ್ಟೆ ಒಂದೇ ವಾರದಲ್ಲಿ ಕೊಂಡವರಿಂದ ವಾಪಸ್ ಬಂದವು. ಅಡ್ಡ ಎಳೆಯ ತಪ್ಪಿಗೆಲ್ಲ ಕೆಂಪು ದಾರ ಬಿದ್ದಿತ್ತು. ಉದ್ದದ ಎಳೆ ಕಾಣೆಯಾದ ಕಡೆ ಒಂದೂ ಇಲ್ಲ. ಮೇಸ್ತ್ರಿ ಕೂಗಾಡಿದ್ದರೆ ಅವಳೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದಳು. ಅವನು ತಣ್ಣಗೆ, ಇನ್ನು ಮೇಲೆ ಮಡಿಸುವ ವಿಭಾಗಕ್ಕೆ ಹೋಗಿ ಎಂದುಬಿಟ್ಟ. ಮಡಿಸುವುದಕ್ಕೆ ಕೈ ಇದ್ದರೆ ಸಾಕು, ಕಣ್ಣು ಬೇಕಿಲ್ಲ. ಅವಳಿಗೆ ಮೈಯೆಲ್ಲ ಉರಿದುಹೋಯಿತು.

ಮಾರನೆಯ ದಿನವೇ ಕಣ್ಣಿನ ಆಸ್ಪತ್ರೆಗೆ ಹೋದಳು. ಡಾಕ್ಟರಮ್ಮ ಅವಳ ಗುಂಡು ಕನ್ನಡಕವನ್ನು ಯಂತ್ರಕ್ಕೆ ಇಟ್ಟು ನೋಡಿ, ಇದನ್ನು ಬಿಚ್ಚಿದವರು ಯಾರು ಎಂದು ಕೇಳಿದರು. ಬಿಚ್ಚಿದವಳು ಅವಳೇ. ಆ ಮೂರು ಥಾನು ನೋಡುವ ಮುಂಚೆ, ಫ್ರೇಮಿನ ಸಂದಿಯಲ್ಲಿ ಹತ್ತಿಯ ಧೂಳು ಕೂತಿತ್ತೆಂದು ತಿರುಪು ಬಿಚ್ಚಿ, ಗಾಜು ತೊಳೆದು, ಮತ್ತೆ ಕೂರಿಸಿದ್ದಳು. ಗುಂಡು ಗಾಜಿಗೆ ತಲೆ ಯಾವುದು, ಬುಡ ಯಾವುದು? ಎರಡು ದಿನ ತಲೆ ಸುತ್ತಿತ್ತು. ನಿದ್ದೆ ಸಾಲದ್ದಕ್ಕೆ ಎಂದುಕೊಂಡು ಸುಮ್ಮನಾಗಿದ್ದಳು.

ಡಾಕ್ಟರಮ್ಮ ಬಿಡಿಸಿ ಹೇಳಿದರು. ಕಣ್ಣಿನ ಮುಂಭಾಗದಲ್ಲಿ ಗಾಜಿನಂಥ ಪದರವಿದೆ, ಕಾರ್ನಿಯಾ ಅಂತ. ಅದು ಚೆಂಡಿನ ಹಾಗೆ ಎಲ್ಲ ಕಡೆಗೂ ಒಂದೇ ಸಮ ಬಾಗಿರಬೇಕು. ಅವಳದು ಒಂದು ದಿಕ್ಕಿಗೆ ಹೆಚ್ಚು, ಇನ್ನೊಂದಕ್ಕೆ ಕಡಿಮೆ. ಇದೇ ಅಸ್ಟಿಗ್ಮ್ಯಾಟಿಸಂ. ಅದಕ್ಕೇ ಅಡ್ಡಗೆರೆ ಚೊಕ್ಕವಾಗಿ ಕಂಡರೂ ಉದ್ದಗೆರೆ ಮಸುಕು. ಆ ಡೊಂಕನ್ನು ಸರಿದೂಗಿಸುವ ಗಾಜು ಒಂದೇ ಕೋನದಲ್ಲಿ ಕೂರಬೇಕು. ತಿರುಗಿದರೆ ಇದ್ದ ಮಸುಕು ಇನ್ನೂ ಹೆಚ್ಚುತ್ತದೆ, ಅವಳು ಕೂರಿಸುವಾಗ ಆಗಿದ್ದೂ ಅದೇ. ಗಾಜನ್ನು ಅಲ್ಲೇ ಸರಿಯಾಗಿ ಕೂರಿಸಿಕೊಟ್ಟರು.

ಅಲ್ಲಿಗೆ ಮುಗಿಯಬಹುದಿತ್ತು. ಅವಳು ಕುರ್ಚಿ ಬಿಟ್ಟು ಏಳಲಿಲ್ಲ.

“ಇವತ್ತು ತಿರುಪು, ನಾಳೆ ಬೆವರಿಗೆ ಜಾರುತ್ತೆ. ಕಣ್ಣನ್ನೇ ಸರಿ ಮಾಡೋಕಾಗುತ್ತಾ, ಡಾಕ್ಟ್ರೇ?”

ಲೇಸರಿನಿಂದ ಆಗುತ್ತದೆ, ಆದರೆ ಎಲ್ಲರಿಗೂ ಅಲ್ಲ ಎಂದರು. ನಂಬರು ವರ್ಷಗಟ್ಟಲೆ ಬದಲಾಗದೆ ನಿಂತಿರಬೇಕು, ಕಾರ್ನಿಯಾ ಸಾಕಷ್ಟು ದಪ್ಪವಿರಬೇಕು. ಕೆಲವು ತಿಂಗಳು ಕಣ್ಣು ಒಣಗಬಹುದು, ದೀಪದ ಸುತ್ತ ಪ್ರಭೆ ಕಾಣಬಹುದು. ಚೂರು ನಂಬರು ಉಳಿದರೂ ಉಳಿಯಬಹುದು. ನಲವತ್ತು ದಾಟಿದ ಮೇಲೆ ಓದಲು ಕನ್ನಡಕ ಹೇಗೂ ಬೇಕಾಗುತ್ತದೆ. ಅವಳು ಎಲ್ಲ ಪರೀಕ್ಷೆಗೂ ಕಣ್ಣೊಡ್ಡಿ, ಎಲ್ಲದರಲ್ಲೂ ಪಾಸಾದಳು.

ಮನೆಯಲ್ಲಿ ಅತ್ತೆಯದೇ ರಂಪ.

“ಇರೋ ಕಣ್ಣಿಗೆ ಬೆಂಕಿ ಹಾಕಿಸ್ಕೊಳ್ಳೋಕೆ ಹೋಗ್ತೀಯಲ್ಲ, ನಿಂಗೇನು ತಲೆ ಕೆಟ್ಟಿದ್ಯಾ?”

“ಆ ಮೇಜು ನಂದು ಅತ್ತೆ. ಬಿಟ್ಟುಕೊಡಲ್ಲ.”

ಶಸ್ತ್ರಚಿಕಿತ್ಸೆಯ ದಿನ ಅವಳನ್ನು ನೆಟ್ಟಗೆ ಕೂರಿಸಿ, ಕಣ್ಣಿನ ಬಿಳಿಯ ಮೇಲೆ ಶಾಯಿಯಿಂದ ಚುಕ್ಕೆ ಇಟ್ಟರು. ಮಲಗಿದಾಗ ಕಣ್ಣು ಗೂಡಿನಲ್ಲೇ ಕೊಂಚ ತಿರುಗುತ್ತದೆ, ಗುರುತು ಬೇಕು ಎಂದರು. ಗುರುತು ಹಾಕದೆ ಕೆಲಸಕ್ಕೆ ಇಳಿಯದವರೆಂದರೆ ಅವಳಿಗೆ ನಂಬಿಕೆ. ಅರ್ಧ ಹೆದರಿಕೆ ಅಲ್ಲೇ ಇಳಿಯಿತು. ಹನಿ ಹಾಕಿ ಮರಗಟ್ಟಿಸಿ, ಕಾರ್ನಿಯಾದ ತೆಳ್ಳಗಿನ ಪದರ ಎತ್ತಿ, ದೀಪವನ್ನೇ ನೋಡುತ್ತಿರಿ ಎಂದರು. ಕೂದಲು ಸುಟ್ಟಂಥ ವಾಸನೆ ಬಂತು. ಅವಳು ಮುಷ್ಟಿ ಬಿಗಿಹಿಡಿದು ನೋಡಿದಳು. ಒಂದೊಂದು ಕಣ್ಣಿಗೆ ಕೆಲವೇ ಕ್ಷಣ, ಅಷ್ಟೇ.

ಹತ್ತಿಯ ಧೂಳು ಬೀಳಬಾರದೆಂದು ಒಂದು ತಿಂಗಳು ರಜೆ. ರಂಪ ಮಾಡಿದ ಅತ್ತೆಯೇ ಗಡಿಯಾರ ನೋಡಿಕೊಂಡು ಹನಿ ಹಾಕಿದರು. ಕಣ್ಣುಜ್ಜಲು ಕೈ ಎತ್ತಿದರೆ ಕೈ ಮೇಲೇ ಒಂದು ಬಿಡುತ್ತಿದ್ದರು.

ಅವಳು ಗಿರಣಿಗೆ ಮರಳಿ, ಮಡಿಸುವ ಕಡೆ ಹೋಗದೆ ನೇರ ಮೇಜಿನ ಮುಂದೆ ನಿಂತಳು. ಒಂದು ಥಾನು ಹಾಕಿಸಿ ನೋಡಿ ಎಂದಳು. ಮೇಸ್ತ್ರಿ ಹಾಕಿಸಿದ, ಇದರಲ್ಲಿರುವ ತಪ್ಪೆಲ್ಲ ಹಿಡಿಯಿರಿ ಎಂದ.

ಹತ್ತು ಮೀಟರು ಹೋಯಿತು, ಐವತ್ತು ಹೋಯಿತು. ಏನೂ ಸಿಗಲಿಲ್ಲ. ಅಡ್ಡ ಎಳೆ, ಉದ್ದದ ಎಳೆ ಎಲ್ಲ ಬಿಡಿಬಿಡಿಯಾಗಿ ಕಾಣುತ್ತಿದ್ದವು. ಆದರೂ ಮತ್ತೆ ಕಣ್ಣು ಕೈಕೊಟ್ಟಿತೇ? ಕತ್ತು ತಾನಾಗಿ ವಾಲಲು ಹೊರಟಿತು, ನೆಟ್ಟಗೆ ಹಿಡಿದುಕೊಂಡಳು. ಎರಡನೇ ಸಲ ಓಡಿಸಿ ನೋಡಿದಳು. ಆಮೇಲೆ ಕೆಂಪು ದಾರದ ಉಂಡೆ ಕೆಳಗಿಟ್ಟಳು.

“ಇದ್ರಲ್ಲಿ ತಪ್ಪಿಲ್ಲ.”

“ಒಂದೂ ಇಲ್ವಾ ಅಕ್ಕ? ಸರಿಯಾಗಿ ನೋಡಿದ್ರಾ?”

“ಇಲ್ಲದ ತಪ್ಪಿಗೆ ದಾರ ಕಟ್ಟಲ್ಲ, ಮೇಸ್ತ್ರಿಗಳೇ. ಬೇಕಾದ್ರೆ ನೀವೇ ನೋಡ್ಕೊಳ್ಳಿ.”

ಮೇಸ್ತ್ರಿ ದಾರದ ಉಂಡೆ ಎತ್ತಿ ಮೇಜಿನ ಮೇಲಿಟ್ಟ. ಮೂರು ಜನ ಸೋಸಿ ನೋಡಿ ಪಾಸು ಮಾಡಿದ ಬಟ್ಟೆ ಅದು, ಬೇಕೆಂದೇ ಹಾಕಿಸಿದ್ದೆ, ತಮ್ಮ ಕಣ್ಣನ್ನೇ ನಂಬದವರಾಗಿದ್ದರೆ ಮಾನ ಉಳಿಸಿಕೊಳ್ಳಲು ನಾಲ್ಕು ಕಡೆ ದಾರ ಕಟ್ಟಿರುತ್ತಿದ್ದರು ಎಂದ. ಆಮೇಲೆ ಮೂಲೆಯಲ್ಲಿದ್ದ ಅವಳ ಹಳೆಯ ಸ್ಟೂಲನ್ನು ತಾನೇ ಎಳೆದು ತಂದು ಮೇಜಿನ ಮುಂದೆ ಇಟ್ಟ.

ಅವಳು ಕೂತಳು. ಮುಂದಿನ ಥಾನು ಹಾಕಿಸಿ ಎಂದಳು.