ವೋರಿಯ ಗೋಡೆಗೆ ಬರುವವರು

ಜೂನ್ ಬಂತೆಂದರೆ ಬೈಕ್ ರೇಸ್ ನೋಡುವವರನ್ನು ಹಡಗುಗಳು ನಮ್ಮ ದ್ವೀಪಕ್ಕೆ ತಂದು ಸುರಿಯುತ್ತವೆ; ಅವರಲ್ಲಿ ಈ ರಾಮ್ಸಿ ಊರಿನ ನನ್ನ ಪಾಲಿಗೆ ಬಂದವರು ಹಾರ್ಗ್ರೀವ್ಸ್. ಮೂವತ್ತು ವರ್ಷದಿಂದ ಸಮುದ್ರ ಕಾಣುವ ನನ್ನ ಮಾಳಿಗೆಯ ಬಾಡಿಗೆ ಕೋಣೆಯಲ್ಲೇ ಮಲಗುತ್ತಾರೆ, ಬೆಳಿಗ್ಗೆ ನನ್ನ ಕೈಯ ಮೀನು ತಿನ್ನುತ್ತಾರೆ, ತಿನ್ನುತ್ತಲೇ ನನ್ನನ್ನು ತಿದ್ದುತ್ತಾರೆ. ಹೊರಗೆ ಬೈಕೊಂದು ಗುಡುಗಿದಾಗ ನಾನು "ನಾರ್ಟನ್ ಹೋಯ್ತು" ಅಂದರೆ ಸಾಕು, "ನಾರ್ಟನ್ ಅಲ್ಲಮ್ಮ, ಟ್ರಯಂಫ್. ಕಿವಿ ಎಲ್ಲಿಟ್ಟಿದೀಯ?" ಎನ್ನುತ್ತಾರೆ. ನನ್ನ ಗಂಡ ತೀರಿಕೊಂಡ ಇಸವಿಯನ್ನೂ, ಆ ವರ್ಷ ರೇಸ್ ಗೆದ್ದವನ ಹೆಸರು ಹಿಡಿದು ತಿದ್ದಿದ ಮನುಷ್ಯ. ರೇಸಿನ ಹೊತ್ತಿಗೆ ಮಾತ್ರ ಟೋಪಿ ಹಾಕಿಕೊಂಡು, ಮುಂದಿನ ಮನೆಯ, ಮದುವೆಯಾಗದೆ ಉಳಿದ ಹೆಂಗಸು ವೋರಿಯ ಕಾಂಪೌಂಡ್ ಗೋಡೆಯ ಮೇಲೆ ಹೋಗಿ ಕೂತುಬಿಡುತ್ತಾರೆ. ರೇಸಿನ ತಿರುವು ಆ ಗೋಡೆಯ ಬುಡದಲ್ಲೇ ಇದೆ, ಅದಕ್ಕೇ ಹೋಗುತ್ತಾರೆ ಎಂದು ಇಷ್ಟು ವರ್ಷ ಸಮಾಧಾನ ಮಾಡಿಕೊಂಡಿದ್ದೆ. ಈ ವರ್ಷ ಬರುವಾಗ ಅವರಿಗೆ ಎರಡೂ ಕಣ್ಣು ಹೋಗಿದ್ದವು. "ಇನ್ನೇನು ನೋಡೋದಿದೆ? ನನ್ನ ಅಂಗಳದಲ್ಲೇ ಕೂತ್ಕೊಳ್ಳಿ, ಶಬ್ದ ಚೆನ್ನಾಗೇ ಕೇಳುತ್ತೆ" ಅಂದೆ. "ಅಲ್ಲಿ ಆದ್ರೆ ಯಾವ ಗಾಡಿ ಹೋಯ್ತು ಅಂತ ವೋರಿ ನೋಡಿ ಹೇಳ್ತಾಳೆ" ಎಂದು ಕೋಲು ಹಿಡಿದು ಹೊರಟೇಬಿಟ್ಟರು. ತಡೆಯಲಾರದೆ ನಾನೂ ಹಿಂದೆಯೇ ಹೋಗಿ ಅವಳ ಬಾಗಿಲ ಮರೆಯಲ್ಲಿ ನಿಂತೆ. ವೋರಿಗೆ ಗೊತ್ತಿರುವುದು ಒಂದೇ ಹೆಸರು. ಹೋಂಡಾ ಹೋದರೂ "ನಾರ್ಟನ್" ಅಂದಳು, ಯಮಾಹಾ ಹೋದರೂ "ನಾರ್ಟನ್" ಅಂದಳು. "ಹೌದಾ?" ಅನ್ನುತ್ತಿದ್ದರು ಹಾರ್ಗ್ರೀವ್ಸ್, ಪ್ರತಿ ಸಲವೂ.