ಬೀಸುವ ಹಾಡಿನ ಎರಡನೆಯ ದನಿ

ಗೋವೆಯ ಮಡಗಾಂವಿನ ಗ್ರಂಥಾಲಯಗಳಲ್ಲಿ ಮೂರು ದಿನ ಸಾಹಿತ್ಯದ ಹಬ್ಬ ನಡೆದ ವರ್ಷ ನನಗೆ ಇಪ್ಪತ್ತಮೂರು. ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಅಲ್ಲಿನ ಕನ್ನಡ ಶಾಲೆಯೊಂದಕ್ಕೆ ಹೊಸದಾಗಿ ಸೇರಿದ ಟೀಚರು. ಕೊಂಕಣಿಗೆ ದೊಡ್ಡ ಗ್ರಂಥಾಲಯದ ಸಭಾಂಗಣ ಸಿಕ್ಕಿತು, ಮರಾಠಿಗೆ ಮಾರುಕಟ್ಟೆ ಹತ್ತಿರದ ವಾಚನಾಲಯ. ಕನ್ನಡಕ್ಕೆ ಫಾತೋರ್ಡಾದ ಒಂದು ಸಣ್ಣ ಗ್ರಂಥಾಲಯದ ಮಕ್ಕಳ ಕೋಣೆ, ಅದೂ ಕೊನೆಯ ದಿನ ಮಧ್ಯಾಹ್ನ ಎರಡು ತಾಸು.

ಅಲ್ಲಿನ ಗ್ರಂಥಪಾಲಕರು ಕೊಂಕಣಿಯವರು, ಕನ್ನಡ ಓದಲು ಬಾರದು. ಆದರೂ ಇದ್ದ ಒಂದೇ ಕನ್ನಡ ಕಪಾಟನ್ನು ತಾವೇ ಒರೆಸಿ, ಮಕ್ಕಳ ಗಿಡ್ಡ ಕುರ್ಚಿಗಳನ್ನೆಲ್ಲ ಸಾಲಾಗಿ ಇಟ್ಟಿದ್ದರು. ಜನ ಬಂದರು. ಗಾರೆ ಕೆಲಸ ಮುಗಿಸಿ ಕೈಕಾಲು ತೊಳೆದುಕೊಂಡು ಬಂದವರು, ಅವರ ಹೆಂಗಸರು. ಮೊಣಕಾಲು ಎದೆಗೆ ತಾಗುವ ಹಾಗೆ ಆ ಕುರ್ಚಿಗಳಲ್ಲಿ ಕುಳಿತರು. ಆದರೆ ಧಾರವಾಡದಿಂದ ಬರಬೇಕಿದ್ದ ಕವಿಗಳು ಬರಲೇ ಇಲ್ಲ. ಬಸ್ಸು ಘಟ್ಟದಲ್ಲಿ ಕೆಟ್ಟು ನಿಂತಿದೆ ಎಂದು ಫೋನು ಬಂತು.

ನಾನು ಎದ್ದು ನಿಂತು, "ಯಾರಿಗಾದರೂ ಹಾಡು ಬರ್ತಾವೇನ್ರಿ?" ಎಂದೆ.

ಹಿಂದಿನ ಸಾಲಿನಿಂದ ಒಬ್ಬ ಮುದುಕಿ ಎದ್ದಳು. ಸಣಕಲು ಮೈ, ತಲೆ ತುಂಬ ಸೆರಗು. "ಬೀಸೂ ಹಾಡು ಬರ್ತಾವ. ಆದ್ರ ಅವು ಇಬ್ಬರು ಹಾಡೂವು," ಎಂದಳು. "ನನ್ನ ಜೋಡೀ ಇಲ್ಲ. ಇರಲಿ, ನಾ ಅಕೀ ಪಾಲು ಬಿಟ್ಟು ಹಾಡತೀನಿ."

ಅವಳು ನೆಲದ ಮೇಲೆ ಕುಳಿತು ಕಣ್ಣು ಮುಚ್ಚಿದಳು. ಅಷ್ಟರಲ್ಲಿ ಕರೆಂಟು ಹೋಯಿತು. ಫ್ಯಾನು ನಿಧಾನವಾಗಿ ತಿರುಗಿ ನಿಂತಿತು.

"ಬೀಸಲಾಕ ಕುಂತೇವ, ಬಿಳಿಜ್ವಾಳ ಸುರುವೇವ..."

ಹಾಡಿ ಸುಮ್ಮನಾದಳು. ಒಂದು ಸಾಲು ಹಾಡಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಸುಮ್ಮನಿದ್ದು, ಯಾರದೋ ದನಿ ಕೇಳುತ್ತಿರುವವಳಂತೆ ತಲೆದೂಗಿದಳು. ಆಮೇಲೆ ಮುಂದಿನದು.

"ಕಡಲೀನ ಗಾಳೀಗಿ ಕಣ್ಣೆಲ್ಲ ಉರಿಯವ್ವ..."

ಮತ್ತೆ ಮೌನ. ಆ ಮೌನದಲ್ಲಿ ನನ್ನ ಬಾಯಿ ತಾನಾಗಿ ತೆರೆಯಿತು.

"ಉಪ್ಪಿಲ್ಲ ಗಡಿಗ್ಯಾಗ, ಕಣ್ಣಾಗ ಉಪ್ಪವ್ವ."

ನಾನು ಆ ಹಾಡನ್ನು ಎಂದೂ ಕೇಳಿದ ನೆನಪಿರಲಿಲ್ಲ. ಮುಂದಿನ ಪದ ಯಾವುದೆಂದು ಹಾಡುವಾಗಲೂ ನನಗೆ ಗೊತ್ತಿರಲಿಲ್ಲ; ನಾಲಿಗೆಗೆ ಗೊತ್ತಿತ್ತು. ಮುದುಕಿ ಕಣ್ಣು ತೆರೆಯಲಿಲ್ಲ. ಅವಳ ಕೈ ಮಾತ್ರ ತೊಡೆಯ ಮೇಲೆ ಗಟ್ಟಿಯಾಗಿ ಮುಷ್ಟಿಯಾಯಿತು. ಅವಳು ಹಾಡುತ್ತ ಹೋದಳು, ನಾನು ತುಂಬುತ್ತ ಹೋದೆ. ಕೊನೆಗೆ ಬಹಳ ತಗ್ಗಿದ ದನಿಯಲ್ಲಿ ಅವಳು ಹಾಡಿದಳು:

"ತೊಟ್ಟೀಲ ಕಟ್ಟೀದ ಸೀರೀಯು ಬರಿದವ್ವ..."

"ತೂಗೋದು ಬಿಟ್ಟಿಲ್ಲ, ಯಾರವ್ವ ಒಳಗೀಗ?" ಎಂದೆ ನಾನು.

ಆಗ ಅವಳು ಕಣ್ಣು ಬಿಟ್ಟಳು. ಜನ ಚಪ್ಪಾಳೆ ತಟ್ಟಿದರು. ನಾವು ಮೊದಲೇ ಅಭ್ಯಾಸ ಮಾಡಿ ಬಂದಿದ್ದೇವೆ ಎಂದುಕೊಂಡು ಗ್ರಂಥಪಾಲಕರು ನನ್ನ ಬೆನ್ನು ತಟ್ಟಿದರು. ಮುದುಕಿ ಮಾತ್ರ ನನ್ನ ಮುಖವನ್ನೇ ನೋಡುತ್ತಿದ್ದಳು.

"ನೀ ಯಾರ ಮಗಳವ್ವಾ?"

ಅವ್ವನ ಹೆಸರು ಹೇಳಿದೆ. ಅವಳು ಕುಳಿತಲ್ಲೇ ಗೋಡೆಗೆ ಒರಗಿದಳು.

ನನಗೆ ಎರಡೂವರೆ ವರ್ಷವಿದ್ದಾಗ ಅವ್ವ ತೀರಿಕೊಂಡಿದ್ದಳು. ಕಟ್ಟುತ್ತಿದ್ದ ಮನೆಯೊಂದರ ಗೋಡೆ ಅವಳ ಮೇಲೆ ಬಿದ್ದಿತ್ತು. ಅಪ್ಪ ಮಡಗಾಂವ್ ಬಿಟ್ಟು ಮುರ್ಮುಗಾಂವ್ ಬಂದರಿನ ಕೆಲಸಕ್ಕೆ ಹೋದ. ನಾನು ವಿಜಾಪುರದ ಕಡೆಯ ಹಳ್ಳಿಯಲ್ಲಿ ಅಜ್ಜಿಯ ಹತ್ತಿರ ಬೆಳೆದು, ಹತ್ತು ವರ್ಷಕ್ಕೆ ಗೋವೆಗೆ ಬಂದೆ. ಅವ್ವನ ಬಗ್ಗೆ ನನಗೆ ಗೊತ್ತಿದ್ದದ್ದು ಇಷ್ಟೇ. ಅವಳು ಹಾಡು ಕಟ್ಟುತ್ತಿದ್ದಳೆಂದು ಯಾರೂ ಹೇಳಿರಲಿಲ್ಲ.

"ಮೋತಿ ಡೊಂಗರ ಗುಡ್ಡದಾಗ ನಮ್ಮ ಜೋಪಡಿ ಬಾಜೂಬಾಜೂಕ ಇದ್ವು," ಎಂದಳು ಮುದುಕಿ. "ಒಂದ ಕಲ್ಲು, ಇಬ್ಬರೂ ಬೀಸತಿದ್ವಿ. ನಿನ್ನ ಸೀರಿ ತೊಟ್ಟಿಲದಾಗ ಹಾಕತಿದ್ಲು."

ನನಗೆ ಸಮಾಧಾನವಾಯಿತು. "ಹಂಗಾರ ತೊಟ್ಟಿಲದಾಗ ಮಲಗಿ ಕೇಳೀನಿ, ಅದಕ್ಕ ಬಂದಾವ," ಎಂದೆ.

"ಉಳಿದವು ಕೇಳಿದ್ದಿ, ಖರೇ. ಕಡೀ ಸಾಲು ನೀ ಕೇಳಿಲ್ಲ." ಅವಳು ನನ್ನ ಕೈ ಹಿಡಿದುಕೊಂಡಳು. "ನಿನ್ನ ಊರಿಗಿ ಕಳಿಸಿದ ಮ್ಯಾಲ ಅಕಿ ಅದನ್ನ ಕಟ್ಟಿದ್ಲು. ನೀ ಇಲ್ಲದ ತೊಟ್ಟಿಲ ತೂಗಾಕತ್ತೈತಿ ಅಂತಿದ್ಲು. ಒಳಗ ಯಾರವಾ ಅಂತ ನಾ ಕೇಳಿದೆ. ನಾಳಿ ಹೇಳ್ತೀನಿ ಅಂದ್ಲು. ಮರುದಿನಾನ ಗ್ವಾಡಿ ಬಿತ್ತು. ಆ ಸಾಲು ನಾ ಯಾರ ಮುಂದೂ ಹಾಡಿಲ್ಲ."

ಮುಂದಿನ ರವಿವಾರ ಬೆಳಿಗ್ಗೆ ಬಂದರಿನ ಹತ್ತಿರದ ವಾಸ್ಕೋಗೆ ಹೋಗಿ ಅಪ್ಪನನ್ನು ಕೇಳಿದೆ. ಅವನು ಅಂಗಳದಲ್ಲಿ ಕುಳಿತು ಗಡ್ಡ ಮಾಡಿಕೊಳ್ಳುತ್ತಿದ್ದ.

"ಅವ್ವ ತೀರಿಕೊಂಡಾಗ ನಾ ಎಲ್ಲಿದ್ದೆ ಅಪ್ಪಾ?"

"ಊರಾಗ. ನಿಮ್ಮಜ್ಜಿ ಕರಕೊಂಡು ಹೋಗಿ ಹದಿನೈದು ದಿನ ಆಗಿತ್ತು."

ನಾನು ಆ ಸಾಲನ್ನು ಹಾಡದೆ, ಬರೀ ಮಾತಿನಂತೆ ಹೇಳಿದೆ. ಇದನ್ನು ನೀನು ಯಾವಾಗಲಾದರೂ ನನ್ನ ಮುಂದೆ ಹಾಡಿದ್ದೆಯಾ ಎಂದು ಕೇಳಿದೆ. ಅಪ್ಪ ಅರ್ಧ ಗಡ್ಡಕ್ಕೇ ಕ್ಷೌರದ ಕತ್ತಿ ಕೆಳಗಿಟ್ಟ.

"ಆ ತೊಟ್ಟಿಲದ ಸೀರಿ ಬಿಚ್ಚಿದಾವ ನಾನು," ಎಂದ. "ಹಾಡತೀನೇನು?" ಆಮೇಲೆ ಬೇರೆ ಕಡೆ ನೋಡುತ್ತ, "ಅವತ್ತ ಗಾಳಿ ಇರಲಿಲ್ಲ," ಎಂದ. ಅದಕ್ಕಿಂತ ಹೆಚ್ಚು ಅವನು ಸಾಯುವವರೆಗೂ ಹೇಳಲಿಲ್ಲ.

ಮುದುಕಿ ನನ್ನನ್ನು ಬಿಡಲಿಲ್ಲ. ಶಾಲೆಗೆ ರಜೆ ಇದ್ದಾಗಲೆಲ್ಲ ತನ್ನ ಮನೆಗೆ ಕರೆಯುತ್ತಿದ್ದಳು. ಚಹಾ ಕೊಟ್ಟು ಎದುರು ಕೂರಿಸಿಕೊಂಡು ಮೊದಲಿನಿಂದ ಹಾಡುತ್ತಿದ್ದಳು. ಕೊನೆಯ ಸಾಲು ಮುಗಿದ ಮೇಲೆ ನನ್ನ ತುಟಿಗಳನ್ನೇ ನೋಡುತ್ತ ಕಾಯುತ್ತಿದ್ದಳು.

"ಮುಂದ ಏನಂತಾಳ? ಒಳಗ ಯಾರಂತ?"

ಇಪ್ಪತ್ತು ವರ್ಷ ಕಾದವಳು ಅವಳು. ಅವಳು ನೋಡುತ್ತಿದ್ದದ್ದು ನನ್ನನ್ನಲ್ಲ ಎಂಬುದು ಆ ಕಣ್ಣು ಕಂಡರೆ ತಿಳಿಯುತ್ತಿತ್ತು. ನನಗೆ ಹೆದರಿಕೆಯಾಗುತ್ತಿತ್ತು, ಆದರೂ ಹೋಗುತ್ತಿದ್ದೆ. ಅವ್ವನ ದನಿ ಹೇಗಿತ್ತು, ನಗುವಾಗ ಬಾಯಿಗೆ ಸೆರಗು ಹಿಡಿಯುತ್ತಿದ್ದಳೇ ಎಂದು ಹೇಳಬಲ್ಲವಳು ಇನ್ಯಾರಿದ್ದರು? ಆದರೆ ನನ್ನ ಬಾಯಲ್ಲಿ ಏನೂ ಬರಲಿಲ್ಲ. ಒಂದು ಸಲ ಅವಳು ಅತ್ತುಬಿಟ್ಟಳು. ನೋಡಲಾಗದೆ ನಾನು ಮನೆಗೆ ಬಂದು, ಒಂದು ವಾರ ಕುಳಿತು, ಬರೆದು, ಹೊಡೆದುಹಾಕಿ, ಮತ್ತೆ ಬರೆದು ಒಂದು ಸಾಲು ಮಾಡಿದೆ. ಮುಂದಿನ ಸಲ ಅವಳು ಕಾಯುವಾಗ ಕಣ್ಣು ಮುಚ್ಚಿ, ತಾನಾಗಿ ಬಂದಂತೆ ಹಾಡಿದೆ:

"ಬಿಟ್ಟೋದ ಕೂಸೀನ ಬಿಸಿಯುಸಿರು ಒಳಗವ್ವ."

ಅವಳು ತಲೆದೂಗಲಿಲ್ಲ.

"ಚಲೋ ಐತಿ," ಎಂದಳು. "ಆದ್ರ ಇದು ನಿಂದು. ಅಕೀದಲ್ಲ."

ನಾಚಿಕೆಯಿಂದ ನನ್ನ ಮುಖ ಬಿಸಿಯಾಯಿತು. ತಪ್ಪಾಯಿತು ಎಂದೆ. ಅವಳು ಬೈಯಲಿಲ್ಲ. ಮೂಲೆಯಲ್ಲಿದ್ದ ಬೀಸುವ ಕಲ್ಲನ್ನು ಎಳೆದು ನಮ್ಮಿಬ್ಬರ ನಡುವೆ ಇಟ್ಟಳು, ಒಂದು ಹಿಡಿ ಜೋಳ ಸುರಿದಳು.

"ಅಕಿ ಹೇಳೂದಿಲ್ಲ ಬಿಡು," ಎಂದಳು. "ನೀನ ಕಟ್ಟು. ಮೊಣಕಾಲು ಹಂಗಲ್ಲ, ಹಿಂಗ ಮಡಚು."

ನಾನು ಗೂಟ ಹಿಡಿದೆ. ಕಲ್ಲು ಭಾರವಿರಬೇಕಿತ್ತು, ಅದು ಹಗುರಾಗಿ ತಿರುಗಿತು. ಮುದುಕಿಯ ಎರಡೂ ಕೈ ಅವಳ ಮಡಿಲಲ್ಲಿದ್ದವು.